ಒಂದೇ ಸಲ ತುಳಿದ ಪೆಡಲು

ಜಗದಂಬಾ ನನ್ನ ಅಂಗಡಿಗೆ ಬಂದ ಮೊದಲ ದಿನವೇ ಒಂದು ಕೀಬೋರ್ಡನ್ನು ಎರಡು ತುಂಡು ಮಾಡಿದರು. ಮೇಜಿನ ಅಂಚಿಗೆ ಬಡಿದ ರಭಸಕ್ಕೆ ಅದರ ಕೀಲಿಗಳು ಹಾರಿ ನನ್ನ ಟೀ ಲೋಟದೊಳಗೆ ಬಿದ್ದವು. ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರ್ ಮಾರುತ್ತಿದ್ದೇನೆ. ಬೈದವರನ್ನು ನೋಡಿದ್ದೇನೆ, ಕಾಲರ್ ಹಿಡಿದವರನ್ನೂ ನೋಡಿದ್ದೇನೆ, ಹೀಗೆ ಒಡೆದವರನ್ನು ನೋಡಿರಲಿಲ್ಲ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಹೊರಗೆ ತಳ್ಳಬೇಕೆಂದು ಎದ್ದೆ. ಆಗ ಆಕೆಯ ಬಲಗೈ ಕಂಡಿತು. ಹೆಬ್ಬೆರಳು, ಕಿರುಬೆರಳು ಬಿಟ್ಟರೆ ಅದರಲ್ಲಿ ಬೇರೆ ಬೆರಳಿರಲಿಲ್ಲ. ಸುಮ್ಮನೆ ಕುಳಿತೆ.

ನಿಜ ಹೇಳಬೇಕೆಂದರೆ ತಪ್ಪು ನನ್ನದೇ. ಆಕೆ ನಮ್ಮೂರ ಪಕ್ಕದ ಭದ್ರಾವತಿಯಲ್ಲಿ ತಗಡು ಒತ್ತಿ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮೊದಲು ತಗಡು ಒತ್ತುವ ಪ್ರೆಸ್ ಯಂತ್ರ ನಡೆಸುತ್ತಿದ್ದರು. ನಾಲ್ಕನೇ ನಂಬರಿನ ಪ್ರೆಸ್ ಬೆರಳು ತಿಂದ ಮೇಲೆ ಕಾರ್ಖಾನೆಯವರು ಆಕೆಯನ್ನು ಆಫೀಸಿನ ಗುಮಾಸ್ತೆ ಮಾಡಿದ್ದರು. ‘ದೊಡ್ಡ ಎಕ್ಸೆಲ್ ಫೈಲ್ ತೆರೆಯೋ ಕಂಪ್ಯೂಟರ್ ಬೇಕು, ನನ್ನ ಸ್ವಂತಕ್ಕೆ’ ಎಂದು ಕೇಳಿದಾಗ ನಾನು ಕೆಂಪು ದೀಪ ಮಿನುಗುವ ಗೇಮಿಂಗ್ ಕಂಪ್ಯೂಟರನ್ನು ಮುಂದೆ ತಳ್ಳಿದ್ದೆ. ವರ್ಷದಿಂದ ಯಾರೂ ಕೊಳ್ಳದೆ ಧೂಳು ಹಿಡಿದಿತ್ತು.

‘ಇದು ರಾಕೆಟ್ ಮೇಡಂ’ ಎಂದಿದ್ದೆ.

ಆಕೆ ಪೆನ್ ಡ್ರೈವ್ ಚುಚ್ಚಿ ಫೈಲ್ ತೆರೆದರು. ನಾಲ್ಕು ವರ್ಷದ್ದು, ಒಂಬತ್ತು ಲಕ್ಷ ಸಾಲು. ರಾಕೆಟ್ಟು ಹತ್ತು ನಿಮಿಷ ಪರದೆ ಬಿಳಿಚಿಕೊಂಡು ನಿಂತು, ಸತ್ತೇ ಹೋಯಿತು. ಕೀಬೋರ್ಡ್ ಒಡೆದದ್ದು ಆಗ.

‘ಅಂಥಾದ್ದು ಏನಿದೆ ಮಾರಾಯ್ತಿ ಇದರಲ್ಲಿ?’ ಎಂದೆ.

‘ಹೊಡೆತ’ ಎಂದರು.

ಆಮೇಲೆ ಬಿಡಿಸಿ ಹೇಳಿದರು. ಪೆಡಲು ತುಳಿದರೆ ಪ್ರೆಸ್ ಬೀಳುತ್ತದೆ. ಎಷ್ಟು ಮಾಲಾಯಿತೆಂದು ತಿಳಿಯಲು ಅದಕ್ಕೊಂದು ಮೀಟರ್ ಇಟ್ಟಿದ್ದಾರೆ. ಪ್ರತಿ ತುಳಿತವನ್ನೂ ಪ್ರತಿ ಹೊಡೆತವನ್ನೂ ಅದು ಗಂಟೆ ನಿಮಿಷ ಸಮೇತ ಬರೆದಿಡುತ್ತದೆ. ಒಂದು ತುಳಿತಕ್ಕೆ ಒಂದೇ ಹೊಡೆತ ಬೀಳಬೇಕು. ಈ ನಾಲ್ಕು ವರ್ಷದಲ್ಲಿ ಆ ಪ್ರೆಸ್ ಆಕೆಯೂ ಸೇರಿ ಐದು ಜನರ ಕೈ ಜಜ್ಜಿತ್ತು. ತಗಡಿಗೆ ಅಂಟಿದ ಚರ್ಮ, ಉಗುರುಗಳನ್ನು ಉಳಿದವರೇ ಕೆರೆದು ತೊಳೆದು, ಅರ್ಧ ಗಂಟೆಯಲ್ಲಿ ಮತ್ತೆ ಕೆಲಸ ಶುರು ಮಾಡಬೇಕಿತ್ತು. ಐದು ಸಲವೂ ಮ್ಯಾನೇಜರ್ ಪ್ರಸನ್ನಕುಮಾರ್ ವರದಿಯಲ್ಲಿ ಬರೆದದ್ದು ಒಂದೇ ಪದ, ‘ಅಜಾಗರೂಕತೆ’.

‘ಪ್ರೆಸ್ಸು ತಾನಾಗೇ ಎರಡನೇ ಸಲ ಬೀಳುತ್ತೆ ಅಂತ ಉಳಿದ ನಾಲ್ಕು ಜನ ಹೇಳ್ತಾರೆ ಅಣ್ಣಾ. ತೋರಿಸು ನೋಡೋಣ ಅಂತಾನೆ ಆ ಮನುಷ್ಯ. ಈಗ ಅದರ ಮುಂದೆ ತನುಜಾ ಅಂತ ಒಬ್ಳು ಕೂತಿದ್ದಾಳೆ.’

‘ನಿಮಗೂ ಹಂಗೇ ಆಗಿದ್ದಾ?’

‘ಇಲ್ಲ. ನಂದು ನನ್ನದೇ ತಪ್ಪು. ಬೆಳಿಗ್ಗೆ ಮಗಳು ಸ್ಫೂರ್ತಿ ಹತ್ರ ಜಗಳ ಆಡ್ಕೊಂಡು ಹೋಗಿದ್ದೆ. ತಲೆ ಎಲ್ಲೋ ಇತ್ತು, ಎರಡು ಸಲ ತುಳಿದ್ಬಿಟ್ಟೆ. ನಿನ್ನಿಂದಲೇ ಕೈ ಹೋಯ್ತು ಅಂತ ಆಸ್ಪತ್ರೇಲಿ ಎಲ್ರೆದುರಿಗೆ ಸ್ಫೂರ್ತಿ ಕೆನ್ನೆಗೆ ಬಾರಿಸಿದೆ, ಈ ಎಡಗೈಲಿ. ಈಗ ಅವಳು ಹೊಸಮನೆ ಬಡಾವಣೇಲಿ ಅಜ್ಜಿ ಜೊತೆ ಇದ್ದಾಳೆ. ನಾಲ್ಕು ವರ್ಷ ಆಯ್ತು, ಮಾತಾಡಿಲ್ಲ.’

ನನಗೆ ನಾಚಿಕೆಯಾಯಿತು. ಗೇಮಿಂಗ್ ಕಂಪ್ಯೂಟರನ್ನು ಕಾಲಲ್ಲೇ ಒದ್ದು ಬದಿಗೆ ಸರಿಸಿದೆ. ಅದರಲ್ಲಿದ್ದದ್ದು ಚಿತ್ರ ಕುಣಿಸುವ ಕಾರ್ಡು, ಆಕೆಗೆ ಬೇಕಿದ್ದದ್ದು ಮೆಮೊರಿ. ದೀಪಗೀಪ ಏನೂ ಇಲ್ಲದ ಕಪ್ಪು ಡಬ್ಬಿಯೊಂದನ್ನು ಎಳೆದು, ಎಂಟು ಜಿಬಿ ಕಿತ್ತು ಮೂವತ್ತೆರಡು ಜಿಬಿ ಕೂರಿಸಿ, ಅಷ್ಟೂ ಮೆಮೊರಿ ಬಳಸಬಲ್ಲ ಅರವತ್ನಾಲ್ಕು ಬಿಟ್ಟಿನ ಎಕ್ಸೆಲ್ ಹಾಕಿ ಕೊಟ್ಟೆ. ಒಂದು ನಿಮಿಷದೊಳಗೆ ಫೈಲ್ ತೆರೆದುಕೊಂಡಿತು.

ಒಂದು ತುಳಿತಕ್ಕೆ ಎರಡು ಹೊಡೆತ ಬಿದ್ದ ಸಾಲುಗಳನ್ನಷ್ಟೇ ಆಕೆ ಬೇರ್ಪಡಿಸಿದರು. ನಲವತ್ತೊಂದು ಉಳಿದವು. ದಿನಾಂಕಗಳ ಮೇಲೆ ಎಡಗೈ ಬೆರಳಿಟ್ಟು ಓದುತ್ತ ಬಂದವರು ಮೂರನೆಯ ಸಾಲಿಗೆ ನಿಂತುಬಿಟ್ಟರು. ಅದು ಅವರ ಕೈ ಹೋದ ದಿನ, ಕೈ ಹೋದ ಹೊತ್ತು. ಪೆಡಲು ಒಂದು, ಹೊಡೆತ ಎರಡು.

‘ಗಾಡಿ ತೆಗೀರಿ ಅಣ್ಣಾ’ ಎಂದರು.

ಕಂಪ್ಯೂಟರನ್ನು ನನ್ನ ಓಮ್ನಿಯಲ್ಲಿ ಹೇರಿಕೊಂಡು ಭದ್ರಾವತಿಗೆ ಹೋದೆವು. ಕಾರ್ಖಾನೆಯಲ್ಲಿ ನೇರ ಹೋಗಿ ಮೇನ್ ಸ್ವಿಚ್ ಇಳಿಸಿದರು. ತನುಜಾಳ ರಟ್ಟೆ ಹಿಡಿದು ಸ್ಟೂಲಿನಿಂದ ಎಳೆದು ಹಾಕಿದರು. ಗೋಡೆಗೊರಗಿದ್ದ ದೊಡ್ಡ ಸುತ್ತಿಗೆಯನ್ನು ಎತ್ತಿಕೊಂಡರು. ಮೊದಲ ಏಟಿಗೆ ಪೆಡಲು ಬಾಗಿತು, ಎರಡಕ್ಕೆ ಕಿತ್ತುಬಂತು. ಆಮೇಲೆ ಸ್ವಿಚ್ಚಿನ ಪೆಟ್ಟಿಗೆ, ಗಾಜು, ವೈರು. ಬಲಗೈಯ ಹಳೆಯ ಗಾಯ ಬಿರಿದು ಸುತ್ತಿಗೆಯ ಹಿಡಿ ಕೆಂಪಾಗಿತ್ತು, ಆದರೂ ಬಿಡಲಿಲ್ಲ. ಪ್ರಸನ್ನಕುಮಾರ್ ಓಡಿಬಂದು ಹಿಂದಿನಿಂದ ಆಕೆಯ ಜುಟ್ಟಿಗೆ ಕೈ ಹಾಕಿದ. ನಾನು ಅವನ ಮೂಗಿಗೆ ಗುದ್ದಿದೆ. ರಕ್ತ ಒರೆಸಿಕೊಳ್ಳುತ್ತ ನನ್ನನ್ನು ದಿಟ್ಟಿಸಿದ.

‘ಅಜಾಗರೂಕತೆ ಸಾರ್’ ಎಂದೆ.

ಮುಂದೆ ಪೊಲೀಸರು ಬಂದರು, ನಮ್ಮಿಬ್ಬರ ಮೇಲೂ ಕೇಸಾಯಿತು. ಕಾರ್ಖಾನೆಗಳ ತಪಾಸಣೆಯವರು ಆ ನಲವತ್ತೊಂದು ಸಾಲು ನೋಡಿ ಪ್ರೆಸ್ಸಿಗೆ ಸೀಲು ಹಾಕಿದರು. ಅದೆಲ್ಲ ಆಮೇಲಿನದು. ಅವತ್ತು ಆಕೆ ಮುರಿದ ಪೆಡಲಿನ ಪಕ್ಕ ಕುಸಿದು ಕುಳಿತು ಮಗಳಿಗೆ ಫೋನ್ ಮಾಡಿ ಎಂದರು. ಕೈ ರಕ್ತವಾಗಿದ್ದರಿಂದ ಆಕೆಯ ಫೋನಿನಲ್ಲಿ ನಾನೇ ನಂಬರು ಒತ್ತಿ, ಸ್ಪೀಕರ್ ಹಾಕಿ ನೆಲದ ಮೇಲಿಟ್ಟೆ. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿದಳು.

‘ಸ್ಫೂರ್ತಿ, ನಾನು ಒಂದೇ ಸಲ ತುಳಿದಿದ್ದೆ ಕಣೇ. ನಿಂದೂ ತಪ್ಪಲ್ಲ, ನಂದೂ ಅಲ್ಲ.’

ಆ ಕಡೆಯಿಂದ ಹುಡುಗಿಯ ಧ್ವನಿ ಬಂತು.

‘ಕೈ ಈಗ್ಲೂ ನೋಯುತ್ತಾ ಅಮ್ಮಾ?’