ರಾಜರಿಗೆ ಮಾರ್ಕ್ಸ್ ಹಾಕುವ ಡಾಕ್ಟರು

ಐರ್ಲೆಂಡಿನ ಕಾರ್ಕ್ ನಗರದ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿ ದಿನಸಿ ಅಂಗಡಿ ಇಟ್ಟಿರುವ ವಿನೋದಿನಿಯ ಪ್ರಕಾರ, ಡಾಕ್ಟರ್ ಗುರುಶಾಂತಪ್ಪ ಪ್ರತಿ ಶನಿವಾರ ಬರುವುದು ತೊಗರಿಬೇಳೆಗಲ್ಲ, ಜರ್ಮನಿಯ ಸತ್ತ ರಾಜರಿಗೆ ಮಾರ್ಕ್ಸ್ ಹಾಕುವುದಕ್ಕೆ. ಪ್ರಷ್ಯದ ಫ್ರೆಡ್ರಿಕ್ ವಿಲಿಯಂ ಜಿಪುಣನಾದರೂ ಬೊಕ್ಕಸ ತುಂಬಿಸಿದನೆಂದು ಎಂಬತ್ತು ಕೊಡುತ್ತಾರೆ. ಬವೇರಿಯದ ಲುಡ್ವಿಗ್ ಸಾಲ ಮಾಡಿ ಅರಮನೆ ಕಟ್ಟಿದನೆಂದು ಮೂವತ್ತು ಕೊಟ್ಟು, ಅರಮನೆ ಚೆನ್ನಾಗಿದೆಯೆಂದು ಐದು ಸೇರಿಸಿ ಪಾಸು ಮಾಡುತ್ತಾರೆ. ಸಿಂಹಾಸನವನ್ನೇ ಕಳೆದುಕೊಂಡ ಕೊನೆಯ ಚಕ್ರವರ್ತಿ ಕೈಸರನಿಗೆ ಮಾತ್ರ ಸೊನ್ನೆ. ಮೊನ್ನೆ ಶನಿವಾರವೂ “ಯೋಗ್ಯತೆ ನೋಡ್ದೆ, ಅಪ್ಪನ ಕುರ್ಚಿ ಅಂತ ಮಗನ್ನ ಕೂರಿಸಿದ್ರೆ ಇನ್ನೇನಾಗುತ್ತೆ ಕಣಮ್ಮ!” ಎಂದು ಗುಡುಗಿ, ಅದೇ ಉಸಿರಿನಲ್ಲಿ, “ನಮ್ಮನೇಲಿ ಮೂರು ತಲೆಮಾರು ಡಾಕ್ಟರು, ನಾಲ್ಕನೇದು ನಮ್ಮ ನಿಸರ್ಗಾ. ಕಾಲೇಜ್ ಫಾರ್ಮ್‌ನಲ್ಲಿ ಮೆಡಿಸಿನ್ ಅಂತ ನಾನೇ ತುಂಬಿದೀನಿ, ನಾಳೆ ಕಳಿಸೋದೊಂದೇ ಬಾಕಿ” ಎಂದರು. ಆಗ, ರಕ್ತ ಕಂಡರೆ ತಲೆಸುತ್ತಿ ಬೀಳುವ ನಿಸರ್ಗಾ ಪಕ್ಕದಲ್ಲೇ ಇದ್ದಳು. ಅಪ್ಪಟ ಕಾರ್ಕ್ ರಾಗದಲ್ಲಿ, “ದೆನ್ ಐ ಆಮ್ ಯುವರ್ ಕೈಸರ್, ಡ್ಯಾಡ್” ಅಂದಳು. ಡಾಕ್ಟರು ಬೇಳೆಯ ಪ್ಯಾಕೆಟ್ಟಿನ ಮೇಲಿದ್ದದ್ದನ್ನೆಲ್ಲ ಓದಿ ಮುಗಿಸಿ, ಕೊನೆಗೆ ಮೆಲ್ಲಗೆ, “ಮತ್ತೆ... ನಿಂಗೇನಾಗ್ಬೇಕು ಅಂತ ಇದೆ ಮಗಳೇ?” ಎಂದರು. ಸದಾ ತೀರ್ಪು ಕೊಡುವ ಆ ಬಾಯಿಂದ ಪ್ರಶ್ನೆಯೊಂದು ಬಂದದ್ದನ್ನು ವಿನೋದಿನಿ ಅಂದೇ ಮೊದಲ ಸಲ ಕೇಳಿದ್ದು. ಹಿಂದೆ ಐದು ಜನ ಗಿರಾಕಿಗಳು ಕಾಯುತ್ತಿದ್ದರೂ, ಉತ್ತರ ಕೇಳಿಸಲೆಂದು ಬಿಲ್ ಮಾಡುವುದನ್ನೇ ನಿಲ್ಲಿಸಿದಳು.