ನಾನು ಸುಡದ ಬಲ್ಬುಗಳು

ನಾನು ಪಿಎಚ್‌ಡಿ ಮಾಡುತ್ತಿದ್ದಾಗ ನಮ್ಮ ಮನೆ ವಾಸ್ಕೋ ಊರಿನ ಪಕ್ಕದ ಸಡಾದ ಗುಡ್ಡದ ಮೇಲಿತ್ತು. ಅವ್ವ ನನ್ನ ಓದಿನ ಬಗ್ಗೆ ಓಣಿಗೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: "ನಮ್ಮಾಕಿ ಕರೆಂಟಿಂದು ದೊಡ್ಡ ಲೆಕ್ಕಾ ಮಾಡಾಕತ್ತಾಳ." ಪೂರ್ತಿ ಸುಳ್ಳಲ್ಲ. ಆದರೆ ನನ್ನದು ಬರೀ ಕಾಗದ, ಪೆನ್ಸಿಲ್ ಮತ್ತು ರಬ್ಬರಿನ ಕೆಲಸ. ಅದರಲ್ಲೂ ರಬ್ಬರೇ ಹೆಚ್ಚು ಸವೆಯುತ್ತಿತ್ತು.

ಒಂದು ಭಾನುವಾರ ಪಕ್ಕದ ಮನೆಯ ಕಾಕು ನಮ್ಮ ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಾ ಕೇಳಿದರು, "ಖರೇ ಹೇಳು ತಂಗಿ, ಅದೇನ್ ಲೆಕ್ಕಾ?"

ಕೇಳುವವರು ಸಿಕ್ಕರಲ್ಲ ಎಂಬ ಖುಷಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಏನೂ ಇಲ್ಲದ ಖಾಲಿ ಜಾಗದಲ್ಲಿ ಭಯಂಕರ ಜೋರಾದ ವಿದ್ಯುತ್ ಕ್ಷೇತ್ರ ಇದ್ದರೆ, ಆ ಖಾಲಿತನದಿಂದಲೇ ಕಣಗಳು ಜೋಡಿಜೋಡಿಯಾಗಿ ಹುಟ್ಟುತ್ತವೆ. ಸ್ವಲ್ಪಸ್ವಲ್ಪವೇ ಸೇರಿಸುತ್ತ ಹೋಗುವ ಮಾಮೂಲಿ ಲೆಕ್ಕದಲ್ಲಿ ಇದು ಸಿಗುವುದಿಲ್ಲ, ಪ್ರತಿ ಹಂತದಲ್ಲೂ ಸೊನ್ನೆಯೇ ಬರುತ್ತದೆ. ಇಡಿಯಾಗಿ ಒಂದೇ ಸಲ ಬಿಡಿಸಬೇಕು. ಆ ಕ್ಷೇತ್ರ ಎಡಕ್ಕೂ ಬಲಕ್ಕೂ ಒಂದೇ ರೂಪದಲ್ಲಿದ್ದರೆ ಆ ಹೊಂದಾಣಿಕೆಯನ್ನೇ ಹಿಡಿದುಕೊಂಡು ಅರ್ಧ ಕೆಲಸ ಉಳಿಸಬಹುದು.

"ಅಂದ್ರ ನಮ್ಮ ಮನಿಯವ್ರಂಗ," ಎಂದರು ಕಾಕು. "ಇಪ್ಪತ್ತು ವರ್ಷ ಮೆಲ್ಲಕ ಹೇಳೇನಿ, ಏನೂ ಆಗಿಲ್ಲ. ಒಮ್ಮೆ ಜೋರಾಗಿ ಒದರಿದ್ರ ಎದ್ದು ನಿಲ್ತಾರ."

ಇದನ್ನು ಅರ್ಥಮಾಡಿಕೊಳ್ಳಲು ನನಗೆ ಒಂದೂವರೆ ವರ್ಷ ಹಿಡಿದಿತ್ತು.

"ಹಂಗಾರ ನಮ್ಮ ತಮ್ಮಗೂ ಒಂದು ಜೋಡಿ ಬರತೈತೇನು ನೋಡು. ಮೂವತ್ತೈದಾತು ಅವಂಗ."

"ಇಲ್ರೀ ಕಾಕೂ, ಆ ಜೋಡಿ ಮತ್ತ ಭೇಟಿಯಾದ್ರ ಎರಡೂ ಮಾಯ ಆಗ್ತಾವ."

"ಅಷ್ಟಾದ್ರೂ ಚಲೋ. ಅವಾ ನಮ್ಮ ಮನಿ ಬಿಟ್ಟಾರ ಹೋಗ್ತಾನ."

ಮರುದಿನ ಬೆಳಿಗ್ಗೆ ಒಮ್ಮೆಗೇ ಓಣಿಯ ಬಲ್ಬುಗಳೆಲ್ಲ ಸೂರ್ಯನಂತೆ ಉರಿದು ಫಟ್ ಫಟ್ ಎಂದು ಆರಿದವು. ಕಾಕುವಿನ ಮಿಕ್ಸರು ಅರ್ಧ ರುಬ್ಬಿದ ಶೇಂಗಾ ಚಟ್ನಿಯೊಂದಿಗೆ ಹೊಗೆ ಬಿಟ್ಟಿತು. ಐದು ನಿಮಿಷದಲ್ಲಿ ಏಳೆಂಟು ಹೆಂಗಸರು ನಮ್ಮ ಬಾಗಿಲಲ್ಲಿದ್ದರು. ಮುಂದೆ ಕಾಕು, ಕೈಯಲ್ಲಿ ಮಿಕ್ಸರು.

"ನಿನ್ನೆ ಹೇಳಿದಿ, ಇವತ್ತ ಮಾಡೇಬಿಟ್ಟಿ?"

"ನಾ ಏನೂ ಮಾಡಿಲ್ರೀ! ಅಷ್ಟು ಜೋರು ಕರೆಂಟು ಭೂಮಿ ಮ್ಯಾಲ ಎಲ್ಲೂ ಇಲ್ಲ!"

ಯಾರೂ ನಂಬಲಿಲ್ಲ. ಕೋಣೆಗೆ ನುಗ್ಗಿ ಮಂಚದ ಕೆಳಗೆ ಮಿಷನ್ನು ಹುಡುಕಿದರು. ಸಿಕ್ಕಿದ್ದು ಕೌದಿಗಳು ಮತ್ತು ನನ್ನ ನೋಟ್‌ಬುಕ್ಕುಗಳು. ಒಬ್ಬಾಕೆ ಪುಟ ತಿರುವಿ, "ಇದರಾಗ ಬರೇ ಸೊನ್ನಿನ ಅದಾವಲ್ಲ," ಎಂದಳು. ನನ್ನ ಸಂಶೋಧನೆಯ ಬಗ್ಗೆ ಅಲ್ಲಿಯವರೆಗೆ ಬಂದಿದ್ದ ಅತ್ಯಂತ ಪ್ರಾಮಾಣಿಕ ಅಭಿಪ್ರಾಯ ಅದು.

ಅಷ್ಟರಲ್ಲಿ ಲೈನ್‌ಮನ್ ಬಂದ. ಕಂಬ ಹತ್ತಿ ನೋಡಿ, ನ್ಯೂಟ್ರಲ್ ತಂತಿ ಕಡಿದಿದೆ, ಅದಕ್ಕೇ ವೋಲ್ಟೇಜ್ ಏರಿದೆ ಎಂದು ಹಿಂದಿಯಲ್ಲಿ ಹೇಳಿದ. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅವ್ವ ನನ್ನನ್ನು ಮುಂದೆ ತಳ್ಳಿದಳು. "ನಮ್ಮಾಕಿ ಕರೆಂಟಿನಾಗ ಪಿಎಚ್‌ಡಿ. ನಿಮಗ ಕೈ ಹಚ್ಚತಾಳ."

ತಂತಿ ಜೋಡಿಸಿ ಕೆಳಗಿಳಿದ ಆತ ಗೌರವದಿಂದ ಟೆಸ್ಟರು ಕೊಟ್ಟು, ನಮ್ಮ ಮನೆಯ ಪ್ಲಗ್ಗಿನಲ್ಲಿ ಕರೆಂಟು ಬಂದಿದೆಯೇ ನೋಡಿ ಎಂದ. ನಾನು ಅದರ ಲೋಹದ ತುದಿಯನ್ನು ಬೆರಳಲ್ಲಿ ಹಿಡಿದು, ಪ್ಲಾಸ್ಟಿಕ್ ಹಿಡಿಕೆಯನ್ನು ಪ್ಲಗ್ಗಿನ ತೂತಿಗೆ ತುರುಕಲು ಹೋದೆ.

"ಏ ಮೇಡಂ, ಉಲ್ಟಾ! ಉಲ್ಟಾ!" ಎಂದು ಅವನು ಕಸಿದುಕೊಂಡ.

ಇಡೀ ಓಣಿ ನೋಡಿತು. ಆಮೇಲೆ ಕಾಕು ಮಿಕ್ಸರನ್ನು ಕಂಕುಳಿಗೇರಿಸಿ ತೀರ್ಪು ಕೊಟ್ಟರು: "ಬಿಡ್ರೆವ್ವಾ, ಪಾಪ. ಇಕಿಗೆ ಏನೂ ಬರಂಗಿಲ್ಲ. ಇಕಿ ಏನ್ ಸುಡತಾಳ?"

ಎಲ್ಲರೂ ನನ್ನನ್ನು ಕನಿಕರದಿಂದ ನೋಡಿ ಹೊರಟರು. ಪಾರಾದೆನಲ್ಲ ಎಂದು ನನಗೆ ಸಮಾಧಾನ, ಜೊತೆಗೆ ಅಳು ಬರುವಷ್ಟು ಅವಮಾನ. ಆದರೆ ಅವ್ವನಿಗೆ ತಡೆಯಲಾಗಲಿಲ್ಲ. ಕಟ್ಟೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಕೂಗಿದಳು:

"ಬರಂಗಿಲ್ಲ ಅಂತ ಯಾರಂದ್ರು? ನನ್ನ ಮಗಳು ಮನಸ ಮಾಡಿದ್ರ ವಾಸ್ಕೋ ತನಕಾ ಸುಡತಾಳ!"