ಊರಿಗಾಂ ಗೇಟಿನ ಮಸೆಗಲ್ಲು

ಬಂಗಾರಪೇಟೆಯನ್ನು ಇನ್ನೂ ಬೌರಿಂಗ್‌ಪೇಟೆ ಅನ್ನುತ್ತಿದ್ದ ಕಾಲ. ಊರಿಗಾಂನ ಚಿನ್ನದ ಗಣಿ ಕಾಂಪೌಂಡಿನೊಳಗೆ ಗಿಡಗಂಟಿ ಸವರುವುದು ನನ್ನ ಕೆಲಸ. ಮಧ್ಯಾಹ್ನದ ಹೊತ್ತಿಗೆ ಮಚ್ಚು ಮೊಂಡಾಗುತ್ತಿತ್ತು, ಮನೆಯ ಮಸೆಗಲ್ಲೋ ಹೊತ್ತೊಯ್ಯುವಂಥದ್ದಲ್ಲ. ಒರಟು ಕಲ್ಲು ಮಚ್ಚನ್ನೇ ತಿಂದುಹಾಕುತ್ತದೆ. ಅದಕ್ಕೇ ಸಂತೆಯಲ್ಲಿ ಒಂದೊಂದನ್ನೂ ಉಗುರಿಗೆ ಉಜ್ಜಿ ನೋಡಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವಷ್ಟು ಚಿಕ್ಕ, ನುಣುಪಾದ ಕಲ್ಲೊಂದನ್ನು ಆರಿಸಿದೆ. ಬಿಸಿಲಿಗೆ ಹಿಡಿದರೆ ಸಣ್ಣಗೆ ಮಿನುಗುತ್ತಿತ್ತು.

ಆ ಮಿನುಗೇ ಫಜೀತಿ ತಂದಿತು. ಯಾರಾದರೂ ಚಿನ್ನದ ಅದಿರು ಸಾಗಿಸಿಯಾರೆಂದು ಸಂಜೆ ಗೇಟಿನಲ್ಲಿ ಎಲ್ಲರನ್ನೂ ತಡಕುತ್ತಿದ್ದರು. ಕಾವಲಿನ ಮುನಿಸಾಮಿ ನನ್ನ ಸೊಂಟಕ್ಕೆ ಕೈ ಹಾಕಿದ.

"ಏನ್ಲಾ ಇದು?"

"ಮಸೆಗಲ್ಲು ಕಣಣ್ಣ. ಬೆಳಿಗ್ಗೆ ನಾನೇ ತಂದಿದ್ದು."

"ಮಿನುಗ್ತಾ ಐತೆ. ಕಲ್ಲು ಯಾವುದೂ ಆಚೆ ಓಗಂಗಿಲ್ಲ."

ಇನ್ನು ಜೈಲೇ ಗತಿ ಅಂದುಕೊಂಡೆ. ಅಲ್ಲೇ ಕೂತು ಮಚ್ಚು ಮಸೆದು ತೋರಿಸಿದೆ. ಅವನು ಅಂಚನ್ನು ಮುಟ್ಟಿ ನೋಡಿ, ಜೇಬಿನಿಂದ ತನ್ನ ಚಾಕು ತೆಗೆದು, "ಇದನ್ನೂ ಮಸಿ" ಅಂದ. ನಂಬಿದ, ಆದರೆ ಕಲ್ಲು ಬಿಡಲಿಲ್ಲ.

"ನಿನ್ ಮೇಲೆ ಅನುಮಾನ ಇಲ್ಲಪ್ಪಾ, ರೂಲ್ಸು. ಇಲ್ಲೇ ಇರ್ಲಿ, ಬಂದಾಗ ಮಸ್ಕೊಂಡು ಓಗು."

ಅಂದಿನಿಂದ ಬೆಳಿಗ್ಗೆ ಅವನ ಸ್ಟೂಲಿನ ಪಕ್ಕ ಕೂತೇ ಮಸೆಯುತ್ತಿದ್ದೆ. ಅವನು ಕಲ್ಲಿಗೆ ನೀರು ಹನಿಸುತ್ತಾ, ಅರ್ಧ ತಮಿಳಿನಲ್ಲಿ ತನ್ನ ಊರಿನ ಸುದ್ದಿ ಹೇಳುತ್ತಿದ್ದ. ಮಸೆದು ಮುಗಿದರೂ ಏಳಲು ಮನಸ್ಸಾಗುತ್ತಿರಲಿಲ್ಲ.

ವರ್ಷಗಳು ಕಳೆದು ಅವನು ಕೆಲಸ ಬಿಟ್ಟು ಊರಿಗೆ ಹೊರಟಾಗ ರೈಲು ಹತ್ತಿಸಲು ಹೋಗಿದ್ದೆ. ರೈಲು ಕದಲುವಾಗ ಕಿಟಕಿಯಿಂದ ಕೈ ಚಾಚಿ, ಆ ಕಲ್ಲನ್ನು ನನ್ನ ಅಂಗೈಗಿಟ್ಟ.

"ಎಂಗಣ್ಣ ಇದನ್ನ ಆಚೆ ತಂದ್ಬುಟ್ಟೆ?" ಅಂದೆ.

"ನನ್ನನ್ನ ಯಾವನ್ಲಾ ತಡಕ್ತಾನೆ?"